ಹಳದಿ ದೀಪದ ದಂಡ

ಬೈಕುಗಳ ವೈರಿಂಗ್ ಕೆಲಸ ಮಾಡುವ ಆ ಹೆಂಗಸಿಗೆ ಊರವರು ಇಟ್ಟ ಹೆಸರು ಫ್ಯೂಸಕ್ಕ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದವರ ಗಾಡಿ ಎರಡು ದಿನ ಹೆಚ್ಚಿಗೆ ಅಂಗಡಿಯಲ್ಲೇ ಉಳಿಯುತ್ತಿತ್ತು. ಗಿರಾಕಿ ಬಂದು "ಅಕ್ಕಾ, ಗಾಡೀಲಿ ಏನೋ ಪ್ರಾಬ್ಲಂ" ಅಂದರೆ, "ಏನೋ ಅನ್ನೋ ಪಾರ್ಟು ನಾನು ಇಟ್ಟಿಲ್ಲ. ಸರಿಯಾಗಿ ಹೇಳು" ಅನ್ನುತ್ತಿದ್ದಳು. ಅಪ್ಪನ ಕಾಲದ ಅಂಗಡಿ. ಉದ್ದಕ್ಕೆ ರೈಲುಡಬ್ಬಿಯ ಹಾಗೆ, ಅಗಲಕ್ಕೆ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು. ಒಂದು ಗೋಡೆಯ ತುಂಬ ಬೆಂಕಿಪೊಟ್ಟಣದಂಥ ಡ್ರಾಯರುಗಳು, ಇನ್ನೊಂದರಲ್ಲಿ ವೈರಿನ ಸುರುಳಿಗಳು, ಬಾಗಿಲ ಬಳಿ ಗಿರಾಕಿಗಳು ಕೂರಲೆಂದು ಯಾವುದೋ ಕಾರಿನಿಂದ ಕಿತ್ತುತಂದ ಹರಿದ ಸೀಟು.

ಅವಳಿಗೆ ನಲವತ್ತಾರು ವಯಸ್ಸು. ಮದುವೆಯ ಮಾತು ಮೂರು ಸಲ ಬಂದು, ಮೂರು ಸಲವೂ ಅವಳ ಒಂದೊಂದು ಮಾತಿಗೆ ಮುರಿದುಬಿದ್ದಿತ್ತು. ಅದರ ಬಗ್ಗೆ ಬೇಸರವೇನೂ ಇರಲಿಲ್ಲ. ಗಂಡಸರನ್ನು ಅವರ ಗಾಡಿಯಿಂದಲೇ ಅಳೆಯಬಹುದೆಂದು ಅವಳ ಲೆಕ್ಕ. ಬ್ಯಾಟರಿಗೆ ನೀರು ಹಾಕದವನು ಮನೆಯಲ್ಲಿ ಏನು ತಾನೇ ನೋಡಿಕೊಂಡಾನು? ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬರುವವನಿಗೆ ತಲೆ ಎಲ್ಲಿದೆಯೆಂಬುದೇ ಗೊತ್ತಿಲ್ಲ. ಇವರೆಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಅವಳು ಇಟ್ಟಿದ್ದು ನೀಲಿ ಬಲ್ಬಿನವರನ್ನು.

ಹೆಡ್‌ಲೈಟಿಗೆ ನೀಲಿ ಬಲ್ಬು ಹಾಕಿಸುವ ಚಾಳಿ ಊರಿಗೆ ಬಂದು ಎರಡು ವರ್ಷವಾಗಿತ್ತು. ಆ ಬೆಳಕಿನಲ್ಲಿ ಓಡಿಸುವವನಿಗೆ ರಸ್ತೆಯ ಗುಂಡಿ ಕಾಣುತ್ತಿರಲಿಲ್ಲ, ಎದುರು ಬರುವವನಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಹುಡುಗರು, ಹುಡುಗರಾಗಿ ಉಳಿಯಬೇಕೆಂದಿದ್ದ ದೊಡ್ಡವರು, ಎಲ್ಲರೂ ಬಂದು ಆ ಹರಿದ ಸೀಟಿನ ಮೇಲೆ ಕೂತು "ನೀಲಿ ಹಾಕಿ" ಅನ್ನುತ್ತಿದ್ದರು. ಅವಳು ಮೂಗು ಮುರಿಯುತ್ತಲೇ ಡ್ರಾಯರು ಎಳೆಯುತ್ತಿದ್ದಳು. "ಹಾಕ್ತೀನಪ್ಪಾ. ದಾರಿ ಕಾಣಬೇಕು ಅಂದ್ರೆ ಮಾತ್ರ ಕೈಯಲ್ಲೊಂದು ಟಾರ್ಚು ಹಿಡ್ಕೋ" ಎಂದು ಬೈದೇ ಜೋಡಿಸುತ್ತಿದ್ದಳು. ಬೈಗುಳವನ್ನು ಬಿಲ್ಲಿಗೆ ಸೇರಿಸುತ್ತಿರಲಿಲ್ಲ. ಮೂರ್ಖನಿಗೆ ಮೂರ್ಖತನವನ್ನು ಮಾರುವುದರಲ್ಲಿ ತನ್ನ ಪಾಲೇನಿದೆ ಎಂದು ಅವಳು ಒಂದು ದಿನವೂ ಕೇಳಿಕೊಂಡವಳಲ್ಲ.

ಅವಳು ಇದ್ದದ್ದು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ. ಅಕ್ಕನ ಗಂಡ ಟ್ರಾಫಿಕ್ ದಫೇದಾರ. ಹೊಟ್ಟೆ ಬೆಲ್ಟಿಗಿಂತ ಮುಂದೆ, ಮಾತು ಹೊಟ್ಟೆಗಿಂತ ಮುಂದೆ. ಭಾವ ಊಟಕ್ಕೆ ಕೂತಾಗಲೂ ಕೊರಳಲ್ಲಿ ಪೀಪಿ ನೇತಾಡುತ್ತಿತ್ತು. ಆ ಚಳಿಗಾಲದ ಮೊದಲ ವಾರ ಅವನು ತಟ್ಟೆಯ ಮುಂದೆ ಕೂತು ದೊಡ್ಡ ಸುದ್ದಿ ಹೇಳಿದ. ಹೊಸದಾಗಿ ಬಂದ ದೊಡ್ಡ ಸಾಹೇಬರ ಮುಖಕ್ಕೆ ಯಾರದೋ ಬಣ್ಣದ ಬೆಳಕು ಹೊಡೆದಿತ್ತಂತೆ. ಮರುದಿನವೇ ಹುಕುಂ: ಬಣ್ಣದ ಹೆಡ್‌ಲೈಟು ಕಂಡರೆ ದಂಡ, ಒಬ್ಬೊಬ್ಬ ದಫೇದಾರನೂ ದಿನಕ್ಕೆ ಇಪ್ಪತ್ತು ಚೀಟಿ ಹರಿಯಲೇಬೇಕು.

"ಇನ್ನು ನಿನ್ನ ನೀಲಿ ವ್ಯಾಪಾರಕ್ಕೆ ಕಲ್ಲು ಬಿತ್ತು, ನೋಡು" ಎಂದ ಭಾವ, ಖುಷಿಯಾಗಿ.

"ಬೀಳಲ್ಲ ಭಾವ. ನೀಲಿಯವರು ನಿಮ್ಮ ಕೈಗೆ ಸಿಗೋರಲ್ಲ. ನೀವು ಪೀಪಿ ಬಾಯಿಗಿಡೋಷ್ಟರಲ್ಲಿ ಪಕ್ಕದ ಊರಲ್ಲಿರ್ತಾರೆ."

ಅವಳು ಹೇಳಿದ್ದೇ ಆಯಿತು. ನೀಲಿ ದೀಪದವರು ನಿಲ್ಲುತ್ತಿರಲಿಲ್ಲ. ನಿಂತವರು ಜೇಬಿನಿಂದ ಫೋನು ತೆಗೆದು ಯಾವುದೋ ದೊಡ್ಡ ಕುಳವಾದ ಮಾವನಿಗೆ ಹಚ್ಚಿ ಭಾವನ ಕೈಗೆ ಕೊಡುತ್ತಿದ್ದರು, ಮಾವ ಅವನ ಬೆವರಿಳಿಸುತ್ತಿದ್ದ. ಇಪ್ಪತ್ತು ಚೀಟಿ ತುಂಬಬೇಕಲ್ಲ? ಹಾಗಾಗಿ ಭಾವ ನಿಲ್ಲುವವರನ್ನು ಹಿಡಿಯತೊಡಗಿದ. ಕೈ ಎತ್ತಿದರೆ ನಿಲ್ಲುವವರು ಯಾರು? ನಿಧಾನಕ್ಕೆ ಬರುವವರು, ಕಾಗದಪತ್ರ ಸರಿ ಇಟ್ಟುಕೊಂಡವರು, ಮಂಜಿಗೆಂದು ಹಳದಿ ಬಲ್ಬು ಹಾಕಿಕೊಂಡವರು.

ಅಂಥವರಲ್ಲಿ ಒಬ್ಬ ಪೋಸ್ಟಣ್ಣ. ನಿವೃತ್ತಿಗೆ ಎರಡು ವರ್ಷ ಇದ್ದ ಅಂಚೆಯವನು. ಬೆಳಗಿನ ಐದಕ್ಕೆ ರೈಲ್ವೆ ಸ್ಟೇಷನ್ನಿನಿಂದ ಟಪ್ಪಾಲಿನ ಚೀಲ ತರಲು ಕೆರೆಯ ದಂಡೆಯ ರಸ್ತೆಯಲ್ಲಿ ಹೋಗಬೇಕು. ಅಲ್ಲಿ ಚಳಿಗಾಲದ ಮಂಜೆಂದರೆ ಮುಂದಿನ ಚಕ್ರವೇ ಕಾಣದಂಥದ್ದು. ಅವನು ಒಂದು ಬೆಳಿಗ್ಗೆ ಎಡಗಾಲನ್ನು ತುಸು ಎಳೆಯುತ್ತ ಅಂಗಡಿಗೆ ಬಂದು ಮೂರು ಚೀಟಿಗಳನ್ನು ಮೇಜಿನ ಮೇಲೆ ಹರಡಿದ.

"ಹಳದಿ ತೆಗೆದು ಬಿಳಿ ಹಾಕಿಬಿಡಮ್ಮ. ನಾಲ್ಕು ದಿನದಲ್ಲಿ ಮೂರು ಸಲ ಬರೆದ್ರು. ಮೂರನೇ ಸಲ ನನ್ನ ಹೆಸರು ಕೇಳ್ಲೇ ಇಲ್ಲ, ಮುಖಾನೂ ನೋಡ್ದೇನೇ ಬರೆದ್ರು."

ಫ್ಯೂಸಕ್ಕ ಚೀಟಿ ನೋಡಿದಳು. ಮೂರರಲ್ಲೂ ಭಾವನ ಕೋಳಿ ಕೆರೆದಂಥ ಅಕ್ಷರ. 'ಅಪರಾಧ: ಬಣ್ಣದ ದೀಪ (ಹಳದಿ).'

"ಹಳದಿ ಹಾಕೋದು ಅಪರಾಧ ಅಲ್ಲ ಪೋಸ್ಟಣ್ಣ. ಕಾನೂನಲ್ಲೇ ಇದೆ."

"ಇರಬಹುದಮ್ಮ. ಆ ಮಂಜಲ್ಲಿ ನಿಂತ್ಕೊಂಡು ಅವರ ಹತ್ರ ವಾದ ಮಾಡ್ಲಾ? ಟಪ್ಪಾಲು ತಡ ಆಗುತ್ತೆ."

ಈ ಮಾತಿಗೆ ಅವಳಿಗೆ ಅವನ ಮೇಲೂ ಸಿಟ್ಟು ಬಂತು. ಬೆನ್ನು ಬಾಗಿಸಿ ದಂಡ ಕಟ್ಟುವವರಿಂದಲೇ ಭಾವನಂಥವರು ಕೊಬ್ಬುವುದು. ಬಿಳಿ ಹಾಕಲು ಒಪ್ಪಲಿಲ್ಲ. "ಚೀಟಿ ಇಲ್ಲೇ ಇರ್ಲಿ. ಒಂದು ಪೈಸೆ ಕಟ್ಬೇಡಿ" ಎಂದು ಅವನನ್ನು ಕಳಿಸಿಕೊಟ್ಟಳು. ಮಧ್ಯಾಹ್ನ ಅಂಗಡಿ ಮುಚ್ಚಿ ಪುಸ್ತಕದಂಗಡಿಗೆ ಹೋಗಿ ಮೋಟಾರು ವಾಹನ ನಿಯಮಗಳ ಹೊಸ ಪ್ರತಿ ಕೊಂಡಳು. ಅಂಗಡಿಯವನು ಧೂಳು ಕೊಡವಿ ಕೊಟ್ಟ. ಆ ಪುಸ್ತಕವನ್ನು ಕೇಳಿದ ಮೊದಲನೆಯವಳು ಅವಳೇ ಅಂತೆ, ಪಕ್ಕದಲ್ಲೇ ಪೊಲೀಸ್ ಠಾಣೆ ಇದ್ದರೂ.

ಸಂಜೆ ಊಟದ ಹೊತ್ತಿಗೆ ಪುಸ್ತಕವನ್ನು ಭಾವನ ತಟ್ಟೆಯ ಪಕ್ಕಕ್ಕಿಟ್ಟಳು. "ಓದಿ ಭಾವ. 'ಮುಂದಿನ ದೀಪದ ಬೆಳಕು ಬಿಳಿ ಅಥವಾ ಹಳದಿ ಆಗಿರತಕ್ಕದ್ದು.' ಅಥವಾ ಅಂದ್ರೆ ಏನು ಅಂತ ಗೊತ್ತಲ್ಲ?"

ಭಾವ ಪುಸ್ತಕ ಮುಟ್ಟಲಿಲ್ಲ. "ಹಳದಿ ಅನ್ನೋದು ಬಣ್ಣಾನೋ ಅಲ್ವೋ?"

"ಬಣ್ಣ."

"ಹಳದಿ ದೀಪ ಅಂದ್ರೆ ಬಣ್ಣದ ದೀಪಾನೋ ಅಲ್ವೋ?"

"ಹಾಗಂದ್ರೆ ಬಿಳೀನೂ ಬಣ್ಣಾನೇ. ಊರಿನ ಗಾಡಿಗಳಿಗೆಲ್ಲ ಚೀಟಿ ಹರೀರಿ, ಒಂದೇ ದಿನದಲ್ಲಿ ಪ್ರಮೋಷನ್ನು."

"ಏಯ್, ಸಾಹೇಬರು ಹೇಳಿದ್ದು ಬಣ್ಣದ ದೀಪ ಅಂತ. ನಾನು ಸಾಹೇಬರ ಮಾತು ಕೇಳ್ಲೋ, ನಿನ್ನ ಪುಸ್ತಕದ ಮಾತು ಕೇಳ್ಲೋ?"

"ನಿಮ್ಮ ಮಗನ ಗಾಡೀಲಿರೋ ನೀಲಿಗೆ ಸಾಹೇಬರು ಏನಂದ್ರು?"

ಅಕ್ಕ ಸೌಟನ್ನು ಪಾತ್ರೆಯ ಮೇಲೆ ಟಕ್ ಎಂದು ಕುಕ್ಕಿದಳು. "ಊಟ ಮಾಡ್ತೀರೋ ಇಲ್ವೋ ಇಬ್ರೂ?"

"ಅದು ಬಿಳೀನೇ. ಸ್ವಲ್ಪ ನೀಲಿ ಹೊಡಿಯುತ್ತೆ ಅಷ್ಟೆ" ಎಂದು ಭಾವ ತಟ್ಟೆಗೆ ಮುಖ ಹಾಕಿದ.

ಫ್ಯೂಸಕ್ಕ ಮಹಡಿ ಹತ್ತುವಾಗ ಒಳಗೊಳಗೇ ನಗುತ್ತಿದ್ದಳು. ಇಂಥ ಬುದ್ಧಿಯ ಮನುಷ್ಯ ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಸಾವಿರ ಜನಕ್ಕೆ ದಾರಿ ತೋರಿಸುತ್ತಾನಲ್ಲ ಎಂದು.

ದಂಡ ಕಟ್ಟದಿದ್ದರೆ ಕೋರ್ಟಿಗೆ ಕರೆ ಬರುತ್ತದೆ. ಹದಿನೈದು ದಿನಕ್ಕೆ ಬಂತು. ಪೋಸ್ಟಣ್ಣ ರಜೆ ಹಾಕಿ, ಇಸ್ತ್ರಿ ಮಾಡಿದ ಖಾಕಿಯಲ್ಲೇ ಬಂದ. ಫ್ಯೂಸಕ್ಕ ಒಂದು ಕೈಯಲ್ಲಿ ಹಳೆ ಗಾಡಿಯ ಹೆಡ್‌ಲೈಟು, ಇನ್ನೊಂದರಲ್ಲಿ ಬ್ಯಾಟರಿ, ಹೆಗಲಲ್ಲಿ ಬಲ್ಬಿನ ಚೀಲ, ಕಂಕುಳಲ್ಲಿ ಪುಸ್ತಕ ಹಿಡಿದು ಬಂದಳು. ಸಂಚಾರದ ಕೇಸುಗಳ ಕೋಣೆ ಮೀನು ಮಾರುವ ಜಾಗದ ಹಾಗೆ ಗಿಜಿಗುಡುತ್ತಿತ್ತು. ಗುಮಾಸ್ತ ಹೆಸರು ಕೂಗುವುದು, ಕೂಗಿಸಿಕೊಂಡವನು "ತಪ್ಪಾಯ್ತು" ಅನ್ನುವುದು, ದುಡ್ಡು ಕಟ್ಟಿ ಹೋಗುವುದು. ಒಬ್ಬೊಬ್ಬರಿಗೆ ಅರ್ಧ ನಿಮಿಷ. ತಪ್ಪೇನೆಂದು ಕೇಳಿದವರು ಒಬ್ಬರೂ ಇಲ್ಲ. ಕುರಿಗಳು, ಎಂದುಕೊಂಡಳು ಫ್ಯೂಸಕ್ಕ, ಚೀಟಿ ಹಿಡಿದ ಕುರಿಗಳು.

ಪೋಸ್ಟಣ್ಣನ ಸರದಿ ಬಂದಾಗ ಅವನ ಬಾಯಿಂದ "ತಪ್ಪಾ—" ಎಂದು ಹೊರಟೇಬಿಟ್ಟಿತ್ತು. ಅವಳು ಹಿಂದಿನಿಂದ ತಿವಿದಳು. "ತಪ್ಪಿಲ್ಲ ಮೇಡಂ" ಎಂದ.

ನ್ಯಾಯಾಧೀಶೆ ತಲೆ ಎತ್ತಿದಳು. ಐವತ್ತರ ಆಸುಪಾಸಿನ, ನೆಗಡಿಯಿಂದ ಮೂಗು ಕೆಂಪಾಗಿದ್ದ ಹೆಂಗಸು. ಬೆಳಗಿನಿಂದ ಆ ಮಾತನ್ನು ಕೇಳಿದ್ದು ಅದೇ ಮೊದಲು ಎಂಬಂತೆ ಕರವಸ್ತ್ರ ಕೆಳಗಿಟ್ಟು ನೆಟ್ಟಗೆ ಕೂತಳು. ಭಾವನನ್ನು ಕರೆಸಿದಳು. ಭಾವ ಸಲ್ಯೂಟು ಹೊಡೆದು, ಹಳದಿ ಬಣ್ಣವೋ ಅಲ್ಲವೋ ಎಂಬ ತನ್ನ ತರ್ಕವನ್ನು ಕೋರ್ಟಿಗೂ ಒಪ್ಪಿಸಿದ.

"ಯಾವ ನಿಯಮದ ಪ್ರಕಾರ?" ಎಂದಳು ನ್ಯಾಯಾಧೀಶೆ.

"ಮೇಲಿನವರು ಹೇಳಿದ ಪ್ರಕಾರ ಮೇಡಂ."

ಕೋಣೆಯಲ್ಲಿ ಕಿಸಕ್ಕೆಂದು ನಗೆ ಎದ್ದಿತು. ಫ್ಯೂಸಕ್ಕ ಅವಕಾಶ ಕೇಳಿ ಮುಂದೆ ಬಂದಳು. ನಿಯಮ ಓದಿದಳು. ಕಿಟಕಿಯ ಪರದೆ ಎಳೆಸಿದಳು. ಹೆಡ್‌ಲೈಟನ್ನು ಬ್ಯಾಟರಿಗೆ ಜೋಡಿಸಿ ಮೊದಲು ಬಿಳಿ, ಆಮೇಲೆ ಹಳದಿ ಹಚ್ಚಿ ತೋರಿಸಿದಳು. "ನೋಡಿ ಮೇಡಂ, ಎರಡರಲ್ಲೂ ಗೋಡೆ ಮೇಲಿನ ಬಿರುಕು ಕಾಣುತ್ತೆ. ಹಳದಿ ಬೆಳಕು ಮಂಜಿಗೆ ತಗಲಿ ಓಡಿಸೋನ ಕಣ್ಣಿಗೇ ವಾಪಸ್ ಹೊಡೆಯಲ್ಲ. ಕಾನೂನು ಬರೆದೋರಿಗೆ ಅದು ಗೊತ್ತಿತ್ತು. ದಂಡ ಬರೆಯೋರಿಗೆ ಗೊತ್ತಿಲ್ಲ ಅಷ್ಟೆ. ನಿಜವಾಗಿ ಹಿಡಿಯಬೇಕಾದ್ದು ಇದನ್ನ." ಅವಳು ಚೀಲದಿಂದ ನೀಲಿ ಬಲ್ಬು ತೆಗೆದು ಸಿಕ್ಕಿಸಿದಳು. ಕೋಣೆಯೆಲ್ಲ ನೀಲಿಯಾಯಿತು, ಮುಂದಿನ ಸಾಲಿನವರು ಕೈಯಡ್ಡ ಹಿಡಿದರು. ಭಾವನ ಮುಖ ನೀರಿನೊಳಗಿನ ಮುಖದ ಹಾಗೆ ಕಂಡಿತು. ಇಷ್ಟು ಸಂತೋಷದ ಗಳಿಗೆ ಅವಳ ಜೀವನದಲ್ಲಿ ಬಂದದ್ದು ಕಡಿಮೆ.

ನೀಲಿ ಹತ್ತಿದ ಕೂಡಲೇ ಪೋಸ್ಟಣ್ಣ ಮಾತ್ರ ಕಟಕಟೆಯ ಕಂಬಿ ಹಿಡಿದು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನ್ಯಾಯಾಧೀಶೆ ಅದನ್ನು ಕಂಡಳು.

"ಆರಿಸಿ, ಆರಿಸಿ. ಏನಾಯ್ತು ನಿಮಗೆ?"

"ಏನಿಲ್ಲ ಮೇಡಂ."

"ಹಳದಿ ಯಾಕೆ ಹಾಕಿಸಿದ್ರಿ? ಮಂಜಿಗೇನಾ?"

"ಮಂಜಿಗೂ ಹೌದು." ಅವನು ಎಡಗಾಲಿನ ಭಾರವನ್ನು ಬಲಗಾಲಿಗೆ ಬದಲಿಸಿದ. "ಹೋದ ವರ್ಷ ಸಂಜೆ ಟಪ್ಪಾಲು ತಲುಪಿಸಿ ಬರ್ತಿದ್ದೆ. ಇಂಥದ್ದೇ ನೀಲಿ ದೀಪ ಎದುರಿಗೆ ಬಂತು. ರಸ್ತೆ ಎಲ್ಲಿದೆ, ಮೋರಿ ಎಲ್ಲಿದೆ ಏನೂ ಕಾಣ್ಲಿಲ್ಲ. ಮೋರಿಗೆ ಬಿದ್ದೆ. ಕಾಲು ಎರಡು ಕಡೆ ಮುರೀತು, ನಾಲ್ಕು ತಿಂಗಳು ಮಲಗಿದ್ದೆ. ಅವನು ನಿಲ್ಲಿಸ್ಲಿಲ್ಲ. ಆಮೇಲಿಂದ ನನಗೆ ಒಂದೇ ಯೋಚನೆ, ನನ್ನ ದೀಪದಿಂದ ಎದುರಿಗೆ ಬರೋರಿಗೆ ಹಾಗಾಗಬಾರದು ಅಂತ. ಅದಕ್ಕೇ ಹಳದಿ ಹಾಕಿಸ್ದೆ."

ನ್ಯಾಯಾಧೀಶೆ ಮೂಗು ಒರೆಸಿಕೊಂಡು ಫ್ಯೂಸಕ್ಕನ ಕಡೆ ತಿರುಗಿದಳು. "ಈ ನೀಲಿ ಬಲ್ಬು ನಿಮಗೆಲ್ಲಿ ಸಿಕ್ತು?"

ಆ ಪ್ರಶ್ನೆಗೆ ಅವಳು ತಯಾರಿರಲಿಲ್ಲ. "ಅಂಗಡೀಲಿತ್ತು."

"ಯಾರ ಅಂಗಡೀಲಿ?"

"ನನ್ನ ಅಂಗಡೀಲಿ."

"ಮಾರ್ತೀರಾ?"

"ಕೇಳ್ದೋರಿಗೆ ಕೊಡ್ತೀನಿ. ಬೇಡ ಅಂತ ಬೈದೇ ಕೊಡೋದು ಮೇಡಂ."

ಈ ಸಲ ನಗೆ ಜೋರಾಗಿ ಎದ್ದಿತು. ಎಲ್ಲಕ್ಕಿಂತ ಮೇಲಿದ್ದದ್ದು ಭಾವನ ನಗು. ನ್ಯಾಯಾಧೀಶೆ ನಗಲಿಲ್ಲ. ಪೋಸ್ಟಣ್ಣನನ್ನು ಕೇಳಿದಳು, "ಇದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ. ಊರಲ್ಲಿ ಬಲ್ಬಿನಂಗಡಿ ಇರೋದು ಅದೊಂದೇ."

"ಗೊತ್ತಿದ್ದೂ ಅವರ ಹತ್ರಾನೇ ಹೋದ್ರಾ?"

"ಹಳದಿ ಸಿಗೋದೂ ಅಲ್ಲೇ" ಎಂದ ಪೋಸ್ಟಣ್ಣ. ಅವನ ದನಿಯಲ್ಲಿ ದೂರಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಯಾರೋ ವಿಳಾಸ ಕೇಳಿದ್ದಕ್ಕೆ ಹೇಳಿದ ಹಾಗೆ ಹೇಳಿದ.

ಮೂರು ಚೀಟಿಗಳೂ ರದ್ದಾದವು. ಹಳದಿ ದೀಪಕ್ಕೆ ದಂಡ ಬರೆಯಕೂಡದೆಂದು ಠಾಣೆಗೆ ಪತ್ರ ಹೋಗಲಿ ಎಂದು ನ್ಯಾಯಾಧೀಶೆ ಗುಮಾಸ್ತನಿಂದ ಬರೆಸಿದಳು. ಫ್ಯೂಸಕ್ಕ ವೈರು ಸುತ್ತಿಕೊಳ್ಳುತ್ತಿದ್ದಾಗ ಮತ್ತೆ ನ್ಯಾಯಾಧೀಶೆಯ ದನಿ ಬಂತು. "ಮಾರೋರಿಗೆ ದಂಡ ಅಂತ ನಿಮ್ಮ ಪುಸ್ತಕದಲ್ಲಿ ಎಲ್ಲಾದ್ರೂ ಇದೆಯೇನಮ್ಮ?"

"ಇಲ್ಲ ಮೇಡಂ. ಹುಡುಕಿದ್ದೀನಿ."

"ಹುಡುಕಿದ್ದೀರಾ?" ಎಂದಳು ನ್ಯಾಯಾಧೀಶೆ. ಅಷ್ಟೇ. ಮುಂದಿನ ಹೆಸರು ಕೂಗಿಸಿದಳು.

ಆ ಒಂದು ಮಾತು ಫ್ಯೂಸಕ್ಕನನ್ನು ಸುಟ್ಟಿತು. ಅದರಲ್ಲಿದ್ದ ತಿರಸ್ಕಾರದ ತೂಕ ಅವಳಿಗೆ ಚೆನ್ನಾಗಿ ಗೊತ್ತು. ನಲವತ್ತಾರು ವರ್ಷ ಅದೇ ಸರಕನ್ನು ಅವಳು ಊರಿಗೆಲ್ಲ ಹಂಚಿದ್ದಳು, ತಿರುಗಿ ಕೈಗೆ ಬಂದದ್ದು ಇದೇ ಮೊದಲು. ಹೊರಗೆ ಮೆಟ್ಟಿಲ ಮೇಲೆ ಪೋಸ್ಟಣ್ಣ ಕೈಮುಗಿದು, "ನಿಮ್ಮಿಂದ ದೊಡ್ಡ ಉಪಕಾರ ಆಯ್ತಮ್ಮ" ಎಂದಾಗ ಅವಳು ಮುಖ ತಿರುಗಿಸಿ ಬ್ಯಾಟರಿ ಎತ್ತಿಕೊಂಡು ಹೊರಟುಬಿಟ್ಟಳು. ಅವನು ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಆ ಸಂಜೆ ಮೊದಲು ಮಾಡಿದ ಕೆಲಸ, ಅಕ್ಕನ ಮಗನ ಗಾಡಿಯಿಂದ ನೀಲಿ ಕಿತ್ತದ್ದು. ಅವನು ಚಿಕ್ಕಮ್ಮನ ಹತ್ತಿರ ಮೂರು ದಿನ ಮಾತು ಬಿಟ್ಟ. ಅವಳಿಗೆ ಅದು ವಿಶ್ರಾಂತಿಯೇ ಆಯಿತು. ಆಮೇಲೆ ಹಳೆ ಬಿಲ್ಲು ಪುಸ್ತಕ ತೆಗೆದು, ನೀಲಿ ಕೊಂಡ ಒಬ್ಬೊಬ್ಬರಿಗೂ ಫೋನು ಮಾಡಿದಳು. "ಬಾ, ಬಿಳಿ ಹಾಕಿ ಕೊಡ್ತೀನಿ. ದುಡ್ಡು ಬೇಡ." ಫೋನಿನಲ್ಲೂ ಬೇಡುವ ದನಿ ಅವಳಿಗೆ ಬರಲಿಲ್ಲ, ಗದರಿಸಿಯೇ ಕರೆದಳು. ಕೆಲವರು ಬಂದರು. ಪುಕ್ಕಟೆ ಅಂದರೆ ಏನೋ ಮೋಸವಿದೆಯೆಂದು ಹೆಚ್ಚಿನವರು ಬರಲಿಲ್ಲ. ಒಬ್ಬನಂತೂ, "ಬಿಳಿ ಬೇಡ, ಅದೇ ದುಡ್ಡಿಗೆ ಕೆಂಪು ಕೊಡ್ತೀರಾ?" ಎಂದು ಕೇಳಿದ. ಜಿಮ್ ನಡೆಸುವ ಮಾಸ್ತರನೊಬ್ಬ ಫೋನಿನಲ್ಲೇ ನಕ್ಕ. "ಏನಕ್ಕಾ, ಕೋರ್ಟಿಗೆ ಹೋಗಿಬಂದು ಭಕ್ತಿ ಬಂತಾ? ನಾನು ತೆಗೆಯಲ್ಲ. ದಂಡ ಹಾಕಿದ್ರೆ ಕಟ್ತೀನಿ, ನಿಮಗೇನು ಕಷ್ಟ?"

"ನನಗೇನು ಕಷ್ಟ" ಎಂದು ಮೊನ್ನೆಯವರೆಗೆ ಹೇಳುತ್ತಿದ್ದವಳು ಅವಳೇ. ಫೋನು ಇಟ್ಟಳು. ಜಿಮ್ ಮಾಸ್ತರ ಎತ್ತರದ ಆಳು, ಕುತ್ತಿಗೆಯೇ ಇಲ್ಲದ ಭುಜಗಳು. ಕನ್ನಡಿ ಸಿಕ್ಕಲ್ಲೆಲ್ಲ ನಿಲ್ಲುವವನು, ಮನುಷ್ಯ ಸಿಕ್ಕಲ್ಲಿ ನಿಲ್ಲದವನು. ಪೋಸ್ಟಣ್ಣನನ್ನು ಮೋರಿಗೆ ಕೆಡವಿದವನು ಇವನೇ ಇರಬಹುದು, ಇಲ್ಲದೆಯೂ ಇರಬಹುದು. ತಿಳಿಯುವ ದಾರಿ ಇರಲಿಲ್ಲ.

ವಾರದ ನಂತರ, ಸಂಜೆ ಆರರ ಹೊತ್ತಿಗೆ, ಅವಳು ಅಂಗಡಿಗೆ ಸಾಮಾನು ಕೊಂಡು ನಡೆದು ಬರುತ್ತಿದ್ದಳು. ಭಾವ ನಿಲ್ಲುವ ಕೂಡುರಸ್ತೆಯಲ್ಲಿ ಕೆಂಪು ಬಿದ್ದಿತ್ತು. ಗಾಡಿಗಳ ಮುಂದಿನ ಸಾಲಿನಲ್ಲಿ ಜಿಮ್ ಮಾಸ್ತರ, ನೀಲಿ ಹಚ್ಚಿಕೊಂಡು, ಕನ್ನಡಿಯಲ್ಲಿ ತನ್ನ ಕೂದಲು ನೋಡಿಕೊಳ್ಳುತ್ತಿದ್ದ. ಭಾವ ಅವನ ದೀಪಕ್ಕೆ ಬೆನ್ನು ತಿರುಗಿಸಿ ಬಸ್ಸೊಂದರ ಹತ್ತಿರ ಬಹಳ ಮುಖ್ಯವಾದ ಕೆಲಸ ಹುಡುಕಿಕೊಂಡಿದ್ದ.

ಫ್ಯೂಸಕ್ಕ ಸೀದಾ ರಸ್ತೆಗಿಳಿದಳು. ಚೀಲವನ್ನು ಅವನ ಟ್ಯಾಂಕಿನ ಮೇಲಿಟ್ಟಳು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸ್ಕ್ರೂಡ್ರೈವರ್ ತೆಗೆದಳು.

"ಏಯ್, ಏನ್ ಮಾಡ್ತಿದ್ದೀರಿ?"

"ನಾನು ಹಾಕಿದ್ದು. ನಾನೇ ತೆಗೀತೀನಿ."

"ನನ್ನ ಗಾಡಿ ಅದು! ದುಡ್ಡು ಕೊಟ್ಟಿದ್ದೀನಿ!"

ಅವಳು ಅವನ ದುಡ್ಡನ್ನು ಅವನ ಅಂಗಿಯ ಜೇಬಿಗೆ ತುರುಕಿದಳು. ಎರಡು ಸ್ಕ್ರೂ ಬಿಚ್ಚಿ ಹೆಡ್‌ಲೈಟಿನ ಸುತ್ತಿನ ರಿಂಗು ಕಳಚಿದಳು. ಅವನು ಅವಳ ಕೈ ಹಿಡಿಯಲು ಹೋಗಿ, ಅವಳು ನೋಡಿದ ನೋಟಕ್ಕೆ ಕೈ ಹಿಂದೆಗೆದ. ಅಷ್ಟರಲ್ಲಿ ಹಸಿರು ಬಿತ್ತು. ಹಿಂದಿನವರೆಲ್ಲ ಒಟ್ಟಿಗೆ ಹಾರನ್ನು ಹೊಡೆದರು. ಅವಳು ಅವಸರ ಮಾಡಲಿಲ್ಲ. ಬಿಸಿ ಬಲ್ಬನ್ನು ಸೆರಗಿನಲ್ಲಿ ಹಿಡಿದು ಎಳೆದು, ರಿಂಗನ್ನು ಮತ್ತೆ ಕೂರಿಸಿ, ಎರಡೂ ಸ್ಕ್ರೂ ಬಿಗಿದಳು. ಹಸಿರು ಹೋಗಿ ಮತ್ತೆ ಕೆಂಪು ಬಿತ್ತು. ಒಂದು ಗಾಡಿಯೂ ಮುಂದೆ ಹೋಗಿರಲಿಲ್ಲ.

ಭಾವ ಪೀಪಿ ಊದುತ್ತ ಓಡಿಬಂದ. ಮುಖದಲ್ಲಿ ಹಬ್ಬ. "ನಡುರಸ್ತೇಲಿ ಅಂಗಡಿ ತೆಗೆದಿದ್ದೀಯಾ? ಎಲ್ಲ ನಿಂತ್ಬಿಟ್ಟಿದೆ ನೋಡು! ಸಂಚಾರಕ್ಕೆ ಅಡ್ಡಿ. ದಂಡ!"

"ಬರೀರಿ ಭಾವ. ನಿಯಮದ ನಂಬರ್ ಸಮೇತ ಬರೀರಿ."

ಭಾವ ಬರೆದ. ಕೋರ್ಟಿನಿಂದ ಬಂದಮೇಲೆ ಅವನಿಗೂ ಸಾಹೇಬರು ಆ ಪುಸ್ತಕ ಕೊಡಿಸಿದ್ದರು. ಅವಳು ಚೀಟಿಯನ್ನು ಬೀದಿದೀಪದ ಕೆಳಗೆ ಹಿಡಿದು ಎರಡು ಸಲ ಓದಿದಳು. ನಂಬರ್ ಸರಿ, ಅಪರಾಧ ಸರಿ, ಮೊತ್ತ ಸರಿ. ಒಂದು ತಪ್ಪಾದರೂ ಸಿಕ್ಕೀತೆಂದು ಮೂರನೆಯ ಸಲ ನೋಡಿ, ಸಿಗದೆ, ದುಡ್ಡು ಕೊಟ್ಟಳು. ಭಾವ ತಾಂಬೂಲ ಕೊಡುವ ಹಾಗೆ ಎರಡೂ ಕೈಯಿಂದ ರಸೀದಿ ಕೊಟ್ಟ.

ಅಂಗಡಿಗೆ ಬಂದು ಡ್ರಾಯರಿನಲ್ಲಿ ಉಳಿದಿದ್ದ ನೀಲಿಗಳನ್ನೆಲ್ಲ ಒಂದು ಡಬ್ಬಿಗೆ ಸುರಿದು, ಒಂದೊಂದನ್ನೇ ಇಕ್ಕಳದಲ್ಲಿ ಹಿಡಿದು ಒಡೆಯುತ್ತ ಕೂತಳು. ಅರ್ಧ ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ನೆರಳು. ಜಿಮ್ ಮಾಸ್ತರ, ದೀಪವಿಲ್ಲದ ಗಾಡಿಯನ್ನು ತಳ್ಳಿಕೊಂಡು ಬಂದಿದ್ದ. ಹಣೆಯೆಲ್ಲ ಬೆವರು.

"ಕತ್ತಲಾಯ್ತು. ಮನೆಗೆ ಹೋಗೋದು ಹೇಗೆ? ಏನಾದ್ರೂ ಒಂದು ಹಾಕಿಕೊಡಿ."

"ಟಾರ್ಚಿಲ್ವಾ?" ಎಂದಳು. ಬೈಗುಳವನ್ನು ಅಷ್ಟಕ್ಕೇ ಮುಗಿಸಿ ಇಕ್ಕಳ ಪಕ್ಕಕ್ಕಿಟ್ಟಳು. ಬಿಳಿ ಬಲ್ಬು ತೆಗೆದು ಹಾಕಿದಳು. ಸ್ವಿಚ್ಚು ಒತ್ತಿದ ಮೇಲೆ, "ಹೋಗು, ಎದುರಿಗೆ ನಿಂತ್ಕೋ" ಎಂದಳು.

"ಯಾಕೆ?"

"ನಿಂತ್ಕೋ ಅಂದ್ನಲ್ಲ."

ಅವನು ಹೋಗಿ ರಸ್ತೆಯ ಆಚೆ ಬದಿಯಲ್ಲಿ, ಬೆಳಕಿನ ನೇರಕ್ಕೆ ನಿಂತ. ಎದುರು ಬರುವವರ ಜಾಗದಲ್ಲಿ ಅವನು ನಿಂತದ್ದು ಅದೇ ಮೊದಲಿರಬೇಕು. ಕಣ್ಣು ಕಿರಿದು ಮಾಡಿದ, ಮುಖ ಹಿಂಡಿದ, ಕೈಯೆತ್ತಿ ಹಣೆಗೆ ಅಡ್ಡ ಹಿಡಿದ.

"ಕಣ್ಣಿಗೆ ಹೊಡೀತಿದೆ. ಇನ್ನೂ ಸ್ವಲ್ಪ ಕೆಳಗಿಳಿಸಿ" ಎಂದು ಕೂಗಿದ.

ಫ್ಯೂಸಕ್ಕ ಮಂಡಿಯೂರಿ, ಹೆಡ್‌ಲೈಟಿನ ಕೆಳಗಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದಳು.